ಕೌದಿ ಹಿಂಡಲು ಇಬ್ಬರು ಬೇಕು

ಆಯಿಯ ಬಲಗೈ ಹೆಬ್ಬೆರಳಿನ ತುದಿ ಸೂಜಿ ಒತ್ತಿ ಒತ್ತಿ ಕಲ್ಲಾಗಿತ್ತು. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಅವರು ಹೊಲಿದ ಕೌದಿ ಇಲ್ಲದ ಮನೆಯಿರಲಿಲ್ಲ. ಹಳೆಯ ಸೀರೆ, ಧೋತರ ಕೊಟ್ಟರೆ ಸಾಕು, ಕಟ್ಟೆಯ ಮೇಲೆ ಕುಳಿತು, ಹೋಗಿಬರುವವರನ್ನೆಲ್ಲ ಮಾತಾಡಿಸುತ್ತ ಹೊಲಿದುಬಿಡುತ್ತಿದ್ದರು. ಪಕ್ಕದ ಮನೆಯವರಾದರೂ ನನಗೆ ಅವರು ಅತ್ತೆಗಿಂತ ಹೆಚ್ಚು. ಈ ಮಾತು ನನ್ನ ಅತ್ತೆಗೂ ಗೊತ್ತು.

ನಾನು ಹುಮನಾಬಾದಿನವಳು. ತವರಿನಲ್ಲಿ ನಾವು ಬರೀ ಅಕ್ಕತಂಗಿಯರು. ಜಗಳವಾದರೆ ಅತ್ತು, ಬೈದು, ಮಾತಾಡಿಯೇ ಮುಗಿಸುತ್ತಿದ್ದೆವು. ಆದರೆ ನನ್ನ ಮಗನನ್ನು ಎದುರಿಗೆ ಕೂರಿಸಿಕೊಂಡು ಏನು ಕೇಳಿದರೂ "ಏನಿಲ್ಲ" ಎನ್ನುತ್ತಿದ್ದ. ಗಂಡುಮಕ್ಕಳನ್ನೇ ಬೆಳೆಸಿದ ಆಯಿ ನನ್ನ ಪಜೀತಿ ನೋಡಿ ನಗುತ್ತಿದ್ದರು.

ಮಗ ಶಾಲೆಯಲ್ಲಿ ಐದನೆಯ ಇಯತ್ತೆಯಲ್ಲಿದ್ದಾಗ, ಅವನ ಜೀವದ ಗೆಳೆಯನಾಗಿದ್ದ ಎದುರುಮನೆಯ ಹುಡುಗ ಅವನನ್ನು ಆಟಕ್ಕೆ ಸೇರಿಸುವುದನ್ನೇ ಬಿಟ್ಟ. ಇವನು ಬಾಗಿಲ ಮರೆಯಲ್ಲಿ ನಿಂತು ಓಣಿಯ ಕ್ರಿಕೆಟ್ ನೋಡುತ್ತಿದ್ದ, ಸರಿಯಾಗಿ ಉಣ್ಣುತ್ತಿರಲಿಲ್ಲ. ಒಂದು ಸಂಜೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ.

"ಎಲ್ಲಿಗಿ ಹೊಂಟಿ, ಯವ್ವಾ?" ಕಟ್ಟೆಯಿಂದ ಆಯಿ ಕೇಳಿದರು.

"ಆ ಹುಡುಗನ ಅವ್ವಗ ಕೇಳಿ ಬರ್ತೀನ್ರಿ ಆಯಿ. ನನ್ನ ಮಗನ್ನ ಯಾಕ ಆಟಕ್ಕ ತಗೋವಲ್ಲ ಅಂತ."

"ನೀ ಹೋದ್ರ ನಿನ್ನ ಮಗ ನಾಳಿಂದ ಅವ್ವನ ಕರಕೊಂಡು ಬರಾವ ಆಗ್ತಾನ. ಸುಮ್ಮ ಕುಂದ್ರು."

ಎದ್ದು ಒಳಗೆ ಹೋದವರೇ ಕೊಳೆಯೇ ಇಲ್ಲದ ದೊಡ್ಡ ಕೌದಿಯೊಂದನ್ನು ತಂದು ನೀರಿನಲ್ಲಿ ಮುಳುಗಿಸಿದರು. ನಂತರ ಇಬ್ಬರೂ ಹುಡುಗರ ಹೆಸರು ಹಿಡಿದು ಕೂಗಿದರು: "ಬರ್ರೋ, ಇದನ್ನ ಹಿಂಡಿ ಕೊಡ್ರಿ. ನನ್ನ ಕೈಲೆ ಆಗವಲ್ದು."

ನೆನೆದ ಕೌದಿ ಒಬ್ಬರಿಗೆ ಬಗ್ಗುವಂಥದಲ್ಲ. ಹುಡುಗರು ಒಂದೊಂದು ತುದಿ ಹಿಡಿದು, ಮುಖ ನೋಡದೆ ತಿರುವತೊಡಗಿದರು. ಆಯಿ, ನಾನು ಬಾಗಿಲ ಒಳಗೆ ನಿಂತಿದ್ದೆವು.

"ನಾ ಕತ್ತಲಿಗಿ ಅಂಜ್ತೀನಂತ ಎಲ್ಲರ ಮುಂದ ಯಾಕ ಹೇಳ್ದಿ?" ಗೆಳೆಯ ಕೇಳಿದ.

"ಇನ್ನ ಹೇಳಂಗಿಲ್ಲ," ಎಂದ ನನ್ನ ಮಗ.

"ಹ್ಞಾಂ. ಗಟ್ಟಿ ಹಿಡಿ, ಜಾರಾಕತ್ತದ."

ಅಷ್ಟೇ. ಕೌದಿಯನ್ನು ಹಗ್ಗಕ್ಕೆ ಎಸೆದು ಇಬ್ಬರೂ ಆಟಕ್ಕೆ ಓಡಿದರು. ನಾನು ಎದುರುಮನೆಗೆ ಹೋಗಿ ಕೂಗಾಡಿದ್ದರೆ ತಪ್ಪು ನನ್ನ ಮಗನದೇ ಎಂದು ಎಂದಾದರೂ ತಿಳಿಯುತ್ತಿತ್ತೇ? ಆಯಿ ನನ್ನ ಬೆನ್ನು ತಟ್ಟಿದರು. "ಹುಡುಗೂರ ಬಾಯಿ ಕೈಯಾಗ ಇರ್ತದ, ಯವ್ವಾ. ಕೈಗಿ ಕೆಲಸ ಕೊಡು, ಬಾಯಿ ತಾನಾ ಬಿಚ್ಚತದ."

ಅಂದಿನಿಂದ ಮಗನ ಜೊತೆ ಮಾತು ಬೇಕಾದಾಗಲೆಲ್ಲ ನಾನು ಶೇಂಗಾ ಸುಲಿಯಲು ಕೂರುತ್ತೇನೆ. ಅವನೂ ಬಂದು ಪಕ್ಕದಲ್ಲಿ ಕೂರುತ್ತಾನೆ.

ಹೋದ ಚಳಿಗಾಲದಲ್ಲಿ ಆಯಿ ತೀರಿಕೊಂಡರು. ಮಗನಿಗೆ ಈಗ ಮೀಸೆ ಚಿಗುರಿದೆ. ಆಯಿಯ ಹಾಸಿಗೆ ತೊಳೆಯುವ ದಿನ ಯಾರೂ ಕರೆಯದೆ ಗೆಳೆಯರಿಬ್ಬರೂ ಅಂಗಳಕ್ಕೆ ಬಂದರು. ಆಯಿ ಹೊದೆಯುತ್ತಿದ್ದ ಕೌದಿಯ ತುದಿಗಳನ್ನು ಹಿಡಿದು ಹಿಂಡಿದರು. ನೀರು ಸೋರುವುದು ನಿಂತ ಮೇಲೂ ಹಿಂಡುತ್ತಲೇ ಇದ್ದರು. ಮಗ ಹೆಗಲಿಗೆ ಮುಖ ಒರೆಸಿಕೊಂಡ. ಗೆಳೆಯ ಬೇರೆ ಕಡೆ ನೋಡಿದ.

ಓಡಿಹೋಗಿ ಅಪ್ಪಿಕೊಳ್ಳಬೇಕೆನಿಸಿತು. ಹೋಗಲಿಲ್ಲ. ಮನೆಯೊಳಗಿನಿಂದ ಇನ್ನೊಂದು ಕೌದಿ ತಂದು ನೀರಿಗೆ ಹಾಕಿದೆ.