ದಿನ ಕೇಳುತ್ತಿದ್ದ ಡಾಕ್ಟರಮ್ಮ

ಹುಣಸೂರು ಆಸ್ಪತ್ರೆಯ ಆ ಡಾಕ್ಟರಮ್ಮ ಯಾರನ್ನೇ ಮುಟ್ಟುವ ಮುಂಚೆ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. "ಮೊದಲು ದಿನ ಹೇಳಿ, ಆಮೇಲೆ ದೆವ್ವ" ಅನ್ನುವುದು ಅವರ ಮಾತು.

ನನ್ನ ನಾದಿನಿಗೆ ಹದಿನೆಂಟಾದರೂ ಮೈನೆರೆದಿರಲಿಲ್ಲ. ತಿಂಗಳಿಗೊಮ್ಮೆ ಹೊಟ್ಟೆ ಹಿಡಿದುಕೊಂಡು ಕಿರುಚುತ್ತಿದ್ದಳು. ಹೊಟ್ಟೆಯೂ ಊದುತ್ತಾ ಬಂತು. ಊರವರು ಬಸುರಿ ಅಂದರು, ಅತ್ತೆ ಗಾಳಿ ಅಂದರು. ಬಸುರಿಯಾದರೆ ಮನೆ ಬಿಟ್ಟು ಹೋಗಲಿ ಅಂದರು ಮಾವ. ಕಿರುಚಿದಾಗಲೆಲ್ಲ ಮಂತ್ರವಾದಿ ಬೇವಿನ ಬರಲು ಹಿಡಿದು ಬರುತ್ತಿದ್ದ; ಅವನು ಹೇಳಿದಂತೆ ಅತ್ತೆ ಕರಿದಾರಕ್ಕೊಂದು ಗಂಟು ಹಾಕುತ್ತಿದ್ದರು.

ಕೊನೆಗೆ ಆಸ್ಪತ್ರೆಗೆ ಕರೆತಂದಾಗ ಡಾಕ್ಟರಮ್ಮ ಆ ದಾರದ ಗಂಟುಗಳನ್ನು ಎಣಿಸಿದರು. "ಯಾವಾಗ ಬರುತ್ತೆ?"

"ತಿಂಗ್ತಿಂಗ್ಳೂ ಅಮಾಸೆ ಆಸುಪಾಸು ಕಣ್ರವ್ವ," ಅಂದರು ಅತ್ತೆ.

"ದೆವ್ವಕ್ಕೆ ಪಂಚಾಂಗ ನೋಡೋಕೆ ಬರುತ್ತಾ ತಾಯಿ?"

ಪರೀಕ್ಷೆ ಮಾಡಿ ಹೇಳಿದರು: "ಬಸುರಲ್ಲ. ಇವಳು ಮೈನೆರೆದು ಎಷ್ಟೋ ತಿಂಗಳಾಗಿದೆ. ಹುಟ್ಟಿನಿಂದಲೇ ದಾರಿಗೊಂದು ಪೊರೆ ಅಡ್ಡ ಇದೆ. ಮುಟ್ಟೆಲ್ಲ ಒಳಗೇ ನಿಂತಿದೆ."

ಪೊರೆ ಕೊಯ್ದಾಗ ನಾನು ಅವಳ ಕೈ ಹಿಡಿದಿದ್ದೆ. ಕಾಕಂಬಿಯಂಥ ಕಪ್ಪು ರಕ್ತ ಸದ್ದಿಲ್ಲದೆ ಬೋಗುಣಿ ತುಂಬಿತು. ನೋಡನೋಡುತ್ತಲೇ ಹೊಟ್ಟೆ ಇಳಿಯಿತು. ಜೀವ, ಮಾನ ಎರಡೂ ಉಳಿದವು. ತಾಯಿ ಚಾಮುಂಡಿ ದೊಡ್ಡವಳು.

"ಅತ್ಗೆ, ಅದು ಓಯ್ತಾ?" ಅಂದಳು ನಾದಿನಿ.

"ಅದು ಯಾವತ್ತೂ ಇರಲೇ ಇಲ್ಲ ಕಣವ್ವ," ಅಂದರು ಡಾಕ್ಟರಮ್ಮ.

ಅವಳು ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದಳು: "ಅಂಗಾದ್ರೆ ಬೇವಿನ ಬರ್ಲಲ್ಲಿ ಇಷ್ಟು ದಿನ ಹೊಡೆದಿದ್ದು ಯಾರ್ಗೆ?"