ಚಿಕ್ಕಮ್ಮನ ಸಾರಿಗೆ ನಾನು ಹಾಕಿದ ಉಪ್ಪು

ಆಗಿನ್ನೂ ಕೆಸರೆ ಮೈಸೂರಿನೊಳಗೆ ಸೇರಿದಂತಿರಲಿಲ್ಲ. ಊರು ಮುಗಿಯಿತು ಅಂದ ಮೇಲೂ ಜಟಕಾ ಗಾಡಿ ಇನ್ನಷ್ಟು ದೂರ ಕುಲುಕಿಕೊಂಡು ಹೋಗಬೇಕು, ಗದ್ದೆ ಬಯಲಿನ ಗಾಳಿ ಮುಖಕ್ಕೆ ಬಡಿಯಬೇಕು, ಆಮೇಲೆ ನಮ್ಮಜ್ಜಿಯ ಹೆಂಚಿನ ಮನೆ. ಅಪ್ಪನಿಗೆ ನಂಜನಗೂಡಿನಲ್ಲಿ ಮೇಷ್ಟರ ಕೆಲಸ. ರಜೆ ಸಿಕ್ಕಿತೆಂದರೆ ರೈಲು ಹತ್ತಿ ಹಬ್ಬಕ್ಕೆ ಬಂದುಬಿಡುತ್ತಿದ್ದೆವು. ನನಗೆ ಹತ್ತು ವರ್ಷವಾಗಿದ್ದಾಗ ಯುಗಾದಿ ಶನಿವಾರ ಬಿದ್ದಿತ್ತು, ಭಾನುವಾರ ಹೊಸತೊಡಕು. ಒಂದು ದಿನ ಒಬ್ಬಟ್ಟು, ಮರುದಿನ ಬಾಡೂಟ. ಇಂಥ ಭಾಗ್ಯ ಯಾರಿಗುಂಟು ಯಾರಿಗಿಲ್ಲ!

ಆ ವರ್ಷ ಮನೆಯಲ್ಲಿ ಹೊಸಬಳೊಬ್ಬಳಿದ್ದಳು. ಚಿಕ್ಕಪ್ಪನ ಹೆಂಡತಿ ಸಾಕಮ್ಮ, ಬನ್ನೂರು ಕಡೆಯ ಹುಡುಗಿ. ಹದಿನೇಳೋ ಹದಿನೆಂಟೋ ವಯಸ್ಸು. ನನಗೆ ಚಿಕ್ಕಮ್ಮ ಅನ್ನುವುದಕ್ಕಿಂತ ಜೊತೆಗಾತಿ ಅನ್ನಬೇಕು. ಚೌಕಾಬಾರ ಆಡಲು ಕೂತರೆ ಮೋಸದಲ್ಲಿ ನನಗಿಂತ ಒಂದು ಕೈ ಮೇಲು. ನಾವು ಬಂದಿಳಿದ ಶುಕ್ರವಾರ ಸಂಜೆಯೇ ನನ್ನನ್ನು ಕೋಣೆಗೆ ಎಳೆದುಕೊಂಡು ಹೋಗಿ ತಗಡಿನ ಟ್ರಂಕು ತೆಗೆದು ತೋರಿಸಿದಳು. ಸೀರೆಗಳೆಲ್ಲ ಆಗಲೇ ಮಡಿಸಿಟ್ಟಾಗಿತ್ತು.

"ಭಾನುವಾರ ನಮ್ಮಪ್ಪ ಬರ್ತದೆ ಕಣೇ. ಕರ್ಕೊಂಡೋಯ್ತದೆ ನನ್ನ. ಎಂಟು ದಿನ!"

ಮದುವೆಯಾಗಿ ಬಂದ ಮೇಲೆ ಅವಳು ತವರಿನ ಮುಖ ನೋಡಿರಲಿಲ್ಲ. ಅಜ್ಜಿ ಒಪ್ಪಿದ್ದರೂ ಒಂದು ಗಂಟು ಹಾಕಿಟ್ಟಿದ್ದಳು. "ಅಬ್ಬದ ಅಡಿಗೆ ಈ ಸಲ ನೀನೇ ಮಾಡಮ್ಮಿ. ಬೀದಿ ಯಜಮಾನ್ರು ಊಟಕ್ಕೆ ಬತ್ತಾರೆ. ಅವ್ರ ಬಾಯಲ್ಲಿ ಸೈ ಅನ್ನಿಸ್ಕೊ, ಆಮೇಲೆ ಓಗ್ಬುಟ್ಟು ಬಾ."

ಶನಿವಾರ ಬೆಳಗ್ಗೆ ಎಣ್ಣೆನೀರು ಮುಗಿಸಿ, ಬೇವುಬೆಲ್ಲ ತಿಂದು ಮುಖ ಹುಳ್ಳಗೆ ಮಾಡಿಕೊಳ್ಳುವ ಹೊತ್ತಿಗೆ ಅಡುಗೆಮನೆಯಲ್ಲಿ ಬೇಳೆ ಬೆಂದ ಘಮ ಎದ್ದಿತ್ತು. ಅಮ್ಮ ಹೂರಣ ರುಬ್ಬಿಕೊಟ್ಟಳು, ಅಷ್ಟೇ. ಒಲೆ ಪೂರ್ತಿ ಚಿಕ್ಕಮ್ಮನದು. ನಮ್ಮಲ್ಲಿ ಹಬ್ಬದ ಅಡುಗೆ ಮೀಸಲು. ದೇವರಿಗೆ, ಹಿರೀಕರಿಗೆ ಎಡೆ ಇಡುವ ತನಕ ಒಂದು ತೊಟ್ಟನ್ನೂ ನಾಲಿಗೆಗೆ ಹಾಕಿ ನೋಡುವಂತಿಲ್ಲ. ಉಪ್ಪು ಖಾರ ಎಲ್ಲಾ ಕೈಯಂದಾಜು. ಕುದಿಯುವ ವಾಸನೆಯಲ್ಲೇ ಉಪ್ಪು ತಿಳಿಯಬೇಕು ಅನ್ನುತ್ತಿದ್ದಳು ಅಜ್ಜಿ. ಅವಳ ಮೂಗಿಗೆ ತಿಳಿಯುತ್ತಿತ್ತೋ ಏನೋ, ನನಗಂತೂ ಬೆಲ್ಲದ ವಾಸನೆ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ.

"ಎಲೆ ಕುಯ್ಕೊಂಡ್ ಬತ್ತೀನಿ, ಸಾರು ಉಕ್ಕದಂಗೆ ನೋಡ್ಕೊ" ಅಂತ ಚಿಕ್ಕಮ್ಮ ಹಿತ್ತಿಲಿಗೆ ಹೋದಳು. ನಾನು ಒಬ್ಬಳೇ. ಎದುರಿಗೆ ಹಿತ್ತಾಳೆ ತಟ್ಟೆಯಲ್ಲಿ ಸಾಲಾಗಿ ಹೂರಣದ ಉಂಡೆ. ನಾನೇನು ಸಾಚಾ ಹುಡುಗಿಯೇ? ಒಂದು ಉಂಡೆ ಬಾಯಿಗೆ ಹೋಯಿತು. ಬೆರಳು ನೆಕ್ಕುತ್ತಿದ್ದೆ, ಜಗಲಿಯಿಂದ ಅಜ್ಜಿಯ ಗಂಟಲು ಕೇಳಿಸಿತು.

"ಸಾಕಮ್ಮಾ, ಸಾರಿಗೆ ಉಪ್ಪು ಹಾಕ್ದೇನಮ್ಮಿ?"

ಹಿತ್ತಿಲಿನಿಂದ ಉತ್ತರವಿಲ್ಲ. ನನ್ನ ಬಾಯಿ ತುಂಬ ಹೂರಣ. ಅಯ್ಯೋ, ಚಿಕ್ಕಮ್ಮ ಮರೆತಿದ್ದಾಳೆ, ಬೈಸಿಕೊಳ್ಳುತ್ತಾಳೆ ಅನ್ನಿಸಿತು. ಅವಳನ್ನು ಕಾಪಾಡುವವಳು ನಾನು! ಉಪ್ಪಿನ ಮಡಕೆಗೆ ಅದೇ ಎಂಜಲು ಕೈ ಹಾಕಿ, ಒಂದು ಹಿಡಿ ಹರಳುಪ್ಪು ತೆಗೆದು ಒಬ್ಬಟ್ಟಿನ ಸಾರಿಗೆ ಹಾಕಿ, ಸೌಟು ಆಡಿಸಿದೆ.

ಎಲೆ ಹೊತ್ತು ಬಂದ ಚಿಕ್ಕಮ್ಮನಿಗೆ ಅಜ್ಜಿ ಮತ್ತೆ ಅದನ್ನೇ ಕೇಳಿದಳು. "ಎಲೆ ತರಕ್ ಓಗಕ್ ಮುಂಚೆನೇ ಹಾಕಿದೀನಿ ಅತ್ತೆ" ಅಂದಳು ಇವಳು.

ಅಂದರೆ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಹೇಳಿಬಿಡಬಹುದಿತ್ತು. ಆದರೆ ಹೇಳಿದರೆ ಹೂರಣ ತಿಂದದ್ದು ಹೊರಬೀಳುತ್ತದೆ, ಎಂಜಲು ಕೈಯಲ್ಲಿ ಮೀಸಲು ಕೆಡಿಸಿದ್ದು ಹೊರಬೀಳುತ್ತದೆ, ಅಡುಗೆಯೆಲ್ಲ ಎಮ್ಮೆಯ ಕಲಗಚ್ಚಿನ ಬಾನಿಗೆ ಹೋಗುತ್ತದೆ, ಅಪ್ಪನ ಬೆತ್ತ ನನ್ನ ಬೆನ್ನಿಗೆ ಬರುತ್ತದೆ. ಎಡೆಯ ಮುಂದೆ ಎಲ್ಲರೂ ಕೈಮುಗಿದಾಗ ನಾನು ಕಣ್ಣು ಮುಚ್ಚಿ, ಸಾರಿನ ಉಪ್ಪು ಸ್ವಲ್ಪ ಇಳಿಸಪ್ಪಾ ದೇವರೇ ಅಂತ ಬೇಡಿಕೊಂಡೆ. ದೇವರು ಅಂಥ ಕೆಲಸಕ್ಕೆಲ್ಲ ಬರುವುದಿಲ್ಲ.

ಪಂಕ್ತಿಯ ಮೊದಲ ಎಲೆ ಯಜಮಾನರದು. ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟವರ ಕೈ ಎಲೆಯ ಮೇಲೇ ನಿಂತಿತು. ನೀರಿನ ಲೋಟ ಎತ್ತಿ ಗಟಗಟ ಕುಡಿದರು.

"ಏನವ್ವಾ ಇದು, ಸಮುದ್ರನೇ ಕಾಯಿಸ್ಬುಟ್ಟವ್ಳಲ್ಲ ನಿನ್ ಸೊಸೆ!"

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಸಾರಿನ ಪಾತ್ರೆ ಹಿಡಿದು ನಿಂತಿದ್ದ ಚಿಕ್ಕಮ್ಮನ ಮುಖ ಸುಣ್ಣದಂತಾಯಿತು. "ಒಂದೇ ಹಿಡಿ ಅತ್ತೆ... ನೋಡ್ಕೊಂಡೇ ಹಾಕ್ದೆ..."

"ಸುಮ್ಕಿರಮ್ಮಿ. ಮಾಡೋದು ಮಾಡ್ಬುಟ್ಟು ಸುಳ್ಳು ಬೇರೆ."

ನಾನು ತಲೆ ಬಗ್ಗಿಸಿ ತುಪ್ಪ ಹಾಕಿದ ಒಬ್ಬಟ್ಟು ತಿನ್ನುತ್ತಿದ್ದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ಎಲ್ಲಿ ಬಂತು? ತಪ್ಪು ಮಾಡಿದವಳು ನಾನು, ನೀರು ಕುಡಿದವಳು ಚಿಕ್ಕಮ್ಮ.

ಭಾನುವಾರ ಹೊಸತೊಡಕು. ಆ ದಿನ ಏನು ಮಾಡುತ್ತೇವೋ ವರ್ಷವೆಲ್ಲ ಅದೇ ಮಾಡುತ್ತೇವೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಅದಕ್ಕೇ ಮಕ್ಕಳನ್ನು ಬೈಯುವುದಿಲ್ಲ, ಯಾರೂ ಅಳಬಾರದು, ಸಾಲ ಕೇಳಬಾರದು, ಹೊಟ್ಟೆ ತುಂಬ ತಿನ್ನಬೇಕು. ಮಧ್ಯಾಹ್ನಕ್ಕೆ ಚಿಕ್ಕಮ್ಮನ ಅಪ್ಪ ಬಂದರು. ಹೆಗಲ ಮೇಲೆ ಟವಲು, ಕೈಯಲ್ಲಿ ಒಂದು ಬುಟ್ಟಿ ಸೌತೆಕಾಯಿ. ಅಜ್ಜಿ ಮರ್ಯಾದೆಯಿಂದಲೇ ಮಣೆ ಹಾಕಿದಳು. ಬಿಸಿಮುದ್ದೆ, ಬಾಡಿನ ಸಾರು ಬಡಿಸಿದಳು. ಅವರು ಕೈ ತೊಳೆದ ಮೇಲೆ ಎಲೆಅಡಿಕೆ ತಟ್ಟೆ ಮುಂದಿಟ್ಟು ಹೇಳಿದಳು.

"ಕಳಿಸಲ್ಲ ಅನ್ನಲ್ಲ ಬೀಗ್ರೆ. ಕೈಯಳತೆ ಬರ್ಲಿ. ಗೌರಿ ಅಬ್ಬಕ್ಕೆ ಬಂದು ಕರ್ಕೊಂಡೋಗಿ."

ಅವರು ಮಗಳ ಕಡೆ ನೋಡಿದರು. "ಆಗ್ಲಿ ತಾಯಿ" ಅಂದರು.

ಗೌರಿಹಬ್ಬ ಅಂದರೆ ಇನ್ನೂ ಐದು ತಿಂಗಳು. ಚಿಕ್ಕಮ್ಮ ಅಳಲಿಲ್ಲ, ಅಳುವಂತಿರಲಿಲ್ಲವಲ್ಲ. ಬಾಗಿಲ ತನಕ ಹೋಗಿ ಅಪ್ಪನ ಕೈಗೆ ಖಾಲಿ ಬುಟ್ಟಿ ಕೊಟ್ಟು ಬಂದಳು. ಆಮೇಲೆ ಟ್ರಂಕಿನಿಂದ ಸೀರೆಗಳನ್ನು ಒಂದೊಂದಾಗಿ ತೆಗೆದು ಬಟ್ಟೆ ಹಾಕುವ ಬಿದಿರ ಗಳುವಿಗೆ ಹಾಕತೊಡಗಿದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಈಗಲಾದರೂ ಹೇಳು ಅಂತ ಒಳಗಿನಿಂದ ಒದ್ದುಕೊಂಡು ಬರುತ್ತಿತ್ತು.

"ಯಾಕೇ ಮಂಕಾಗಿದ್ದೀ? ಬಾ, ಚೌಕಾಬಾರ ಆಡಾನ" ಅಂದಳು. ಆಡಿದೆವು. ಆವತ್ತು ಅವಳು ಮೋಸ ಮಾಡಲಿಲ್ಲ. ನಾನು ಗೆದ್ದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಮುಂದಿನ ಹಬ್ಬಕ್ಕೆ ಹೋದಾಗ ನೋಡಿದರೆ ಚಿಕ್ಕಮ್ಮ ಅಡುಗೆಯೆಲ್ಲ ಮಾಡಿ, ಕೊನೆಗೆ ಒಲೆಯಿಂದ ಹಿಂದೆ ಸರಿದು ನಿಲ್ಲುತ್ತಿದ್ದಳು. "ಅತ್ತೆ, ಉಪ್ಪು ನೀವೇ ಹಾಕ್ಬುಡಿ." ಅಜ್ಜಿ ಸತ್ತಮೇಲೂ ಅವಳು ಉಪ್ಪು ಮುಟ್ಟಲಿಲ್ಲ. ಗಂಡನನ್ನು ಕರೆಯುತ್ತಿದ್ದಳು, ಮಕ್ಕಳನ್ನು ಕರೆಯುತ್ತಿದ್ದಳು, ಯಾರೂ ಇಲ್ಲದಿದ್ದರೆ ಪಕ್ಕದ ಮನೆಯವರನ್ನಾದರೂ ಕರೆಯುತ್ತಿದ್ದಳು. "ನನ್ ಕೈ ಆಗಿ ಬರಲ್ಲ ಕಣಮ್ಮ" ಅಂತ ನಗುತ್ತಿದ್ದಳು. ಮೊಮ್ಮಕ್ಕಳಿಗೆ ಅದೊಂದು ತಮಾಷೆ.

ಅವಳು ತೀರಿಕೊಳ್ಳುವ ಹಿಂದಿನ ಯುಗಾದಿಗೆ ನಾನು ಕೆಸರೆಗೆ ಹೋಗಿದ್ದೆ. ಗದ್ದೆ ಬಯಲಿದ್ದಲ್ಲಿ ಮಹಡಿ ಮನೆಗಳು, ಗ್ಯಾಸಿನ ಒಲೆಯ ಮೇಲೆ ಒಬ್ಬಟ್ಟಿನ ಸಾರು.

"ಬಂದ್ಬುಟ್ಟೆಯಾ? ಸದ್ಯ. ಬಾ, ಉಪ್ಪು ಹಾಕ್ಬುಡು" ಅಂದಳು.

ಡಬ್ಬಿ ಕೈಗೆ ತೆಗೆದುಕೊಂಡೆ. "ಚಿಕ್ಕಮ್ಮ, ಆವತ್ತು..." ಅಂದೆ.

"ಯಾವತ್ತು?"

"ಏನಿಲ್ಲ ಬಿಡು" ಅಂದು ಉಪ್ಪು ಹಾಕಿದೆ.

ಈಗ ನಮ್ಮ ಮನೆಯಲ್ಲಿ ಮೀಸಲೂ ಇಲ್ಲ, ಎಡೆಯೂ ಇಲ್ಲ. ಸೊಸೆ ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ರುಚಿ ನೋಡಿಯೇ ಇಳಿಸುತ್ತಾಳೆ, ಸಾರು ಎಂದೂ ಕೆಡುವುದಿಲ್ಲ. ಈಗ ಎಲ್ಲ ಹೇಳಿಬಿಡಬಹುದು, ಕೇಳಬೇಕಾದವಳು ಮಾತ್ರ ಇಲ್ಲ. ಹೊಸತೊಡಕಿನ ದಿನ ಮಾಡಿದ್ದು ವರ್ಷವೆಲ್ಲ ನಡೆಯುತ್ತದೆ ಅನ್ನುತ್ತಿದ್ದರು. ಆ ಭಾನುವಾರ ನಾನು ಬಾಯಿ ಮುಚ್ಚಿಕೊಂಡಿದ್ದೆ.