ಕುಲುಕಬಾರದ ಬಾಟಲಿಗಳು

ಬೆಳಗಿನ ಜಾವ. ಸಂಶೋಧನಾಲಯದ ನೆಲಮಾಳಿಗೆಯ ಕೋಣೆಯಲ್ಲಿ ದೀಪ ಹಾಕಿ ಆಕೆ ಮೊದಲು ಬಾಟಲಿಗಳ ತಳ ನೋಡುತ್ತಾರೆ. ಕಂದು ಬಣ್ಣ ನೀರಿನಲ್ಲಿ ಹರಡಿದ್ದರೆ ಒಳಗಿನ ಜೀವಗಳು ಚೆನ್ನಾಗಿವೆ. ತಳದಲ್ಲಿ ಕೂತಿದ್ದರೆ ಸಾಯುತ್ತಿವೆ. ಮಲಗಿದ ಕೂಸನ್ನು ಎತ್ತುವ ಹಾಗೆ ಒಂದೊಂದನ್ನೇ ಎತ್ತುತ್ತಾರೆ. ಎಲ್ಲರೂ ಕರೆಯುವುದು ‘ಬಾಟಲಿ ಅಕ್ಕ’ ಎಂದು.

ಒಳಗಿರುವುದು ಸಮುದ್ರದ ಒಂಟಿಕೋಶದ ಪಾಚಿ. ನಮ್ಮ ಒಂದೊಂದು ಜೀವಕೋಶದೊಳಗೂ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ, ರೀಲಿಗೆ ದಾರ ಸುತ್ತಿದಂತೆ, ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿದೆ. ಈ ಗಂಟಿಗೆ ಕ್ರೊಮ್ಯಾಟಿನ್ ಎಂದು ಹೆಸರು. ಗಿಡ, ಇರುವೆ, ಅಣಬೆ, ಎಲ್ಲಕ್ಕೂ ಹೆಚ್ಚುಕಡಿಮೆ ಇದೇ ರೂಢಿ. ಈ ಪಾಚಿ ಮಾತ್ರ ಎಂದೋ ಆ ರೂಢಿಯನ್ನು ಬಹುಪಾಲು ಬಿಟ್ಟು, ಪ್ರಾಯಶಃ ವೈರಸ್ಸಿನಿಂದ ಬಂದ ಬೇರೆ ಪ್ರೋಟೀನು ಹಿಡಿದು, ತನ್ನದೇ ಗಂಟು ಕಟ್ಟಿಕೊಂಡಿತು. ಏಕೆಂದು ಇನ್ನೂ ಸರಿಯಾಗಿ ತಿಳಿಯದು.

“ಊರಿಗೊಂದು ದಾರಿ ಆದ್ರೆ ಪೋರನಿಗೊಂದು ದಾರಿ ಅಂತಾರಲ್ಲ, ಹಾಗೆ,” ಅಕ್ಕ ನಗುತ್ತಾರೆ. “ಮನೇಲಿ ಯಜಮಾನ್ರು ನನಗೂ ಅದನ್ನೇ ಹೇಳ್ತಾರೆ.”

ನಗು ಅಲ್ಲಿಗೇ ನಿಲ್ಲುತ್ತದೆ. ಕಳೆದ ವರ್ಷ ಅವರು ರಜೆಯಲ್ಲಿದ್ದಾಗ ಹೊಸ ಮೇಲ್ವಿಚಾರಕರು ಬಾಟಲಿಗಳನ್ನು ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಕುಲುಕುಯಂತ್ರದ ಮೇಲಿಟ್ಟರು. ಈ ಜೀವಗಳು ಕುಲುಕಾಟ ತಾಳವು. ಒಂದು ಬಾಟಲಿ ಬಿಟ್ಟು ಎಲ್ಲ ಸತ್ತವು. ತಪ್ಪು ಯಾರ ತಲೆಗೆ ಬಂತು? ಅಕ್ಕನ ತಲೆಗೆ. ಉಳಿದ ಒಂದರಿಂದ ಕಪಾಟು ಮತ್ತೆ ತುಂಬಿಸಿದವರೂ ಅವರೇ. ಈ ಪಾಚಿಯ ಸಂಶೋಧನೆಯಿಂದ ಹೆಸರು ಮಾಡಿದವರ ಬಾಯಲ್ಲಿ ಅಕ್ಕನ ಹೆಸರು ಒಮ್ಮೆಯೂ ಬಂದಿಲ್ಲ.

ಈಗ ಕೋಣೆಯನ್ನೇ ಮುಚ್ಚುತ್ತಾರಂತೆ. ಸಭೆ ನಡೆಸಲು ಜಾಗ ಬೇಕಂತೆ. ಫ್ರೀಜರಿನಲ್ಲಿಟ್ಟರೆ ಈ ತಳಿ ಮತ್ತೆ ಏಳುವುದಿಲ್ಲ. ಬೇರೆ ಯಾರ ಬಳಿಯೂ ಇಲ್ಲ. ಇವು ಬದುಕುವುದೇ ಈ ದೀಪದ ಬೆಳಕಿನಲ್ಲಿ; ಅದು ಶಾಶ್ವತವಾಗಿ ಆರಿದರೆ ಮುಗಿಯಿತು. ಅದನ್ನು ಹೇಳಲು ಹೋದರೆ ನಿರ್ದೇಶಕರು, “ಅಕ್ಕ, ನಿಮ್ಮ ಭಾವನೆಗೆಲ್ಲ ಜಾಗ ಕೊಡ್ತಾ ಹೋದ್ರೆ ಕಟ್ಟಡ ಸಾಲಲ್ಲ” ಅಂದರಂತೆ.

“ಡಿಎನ್‌ಎ ಪೂರ್ತಿ ಕಂಪ್ಯೂಟರಲ್ಲಿದೆ, ಇನ್ನು ಇವು ಯಾಕೆ ಅಂತಾರೆ. ಫೋಟೋ ಇದೆ ಅಂದ್ರೆ ಮನುಷ್ಯ ಬೇಡ್ವಾ? ಗಂಟು ಕಟ್ಟೋದು, ಬಿಚ್ಚೋದು, ಎಲ್ಲ ನಡೀತಿರೋದು ಇವುಗಳ ಒಳಗೆ. ಸತ್ತ ಮೇಲೆ ಏನನ್ನ ನೋಡ್ತಾರೆ?”

ಸೋಮವಾರ ದೀಪ ಆರಿಸುವ ಕೆಲಸವನ್ನೂ ಅವರಿಗೇ ಒಪ್ಪಿಸಿದ್ದಾರೆ.

“ಆಗಲ್ಲ ಅಂದೆ. ನಿರ್ದೇಶಕರೇ ಇಳಿದು ಬರಲಿ. ಇವು ಗಿರಗಿರ ತಿರುಗ್ತಾ ಹೇಗೆ ಈಜ್ತವೆ ಅಂತ ಸೂಕ್ಷ್ಮದರ್ಶಕದಲ್ಲಿ ಒಂದ್ಸಲ ನೋಡಲಿ. ಆಮೇಲೆ ತಮ್ಮ ಕೈಯಾರೆ ಆರಿಸಲಿ.”